ನಿದ್ದೆ ಸಹಿಸದ ಮ್ಯಾನೇಜರ್

ಪೆಟ್ಟಿಗೆ ತೆರೆದಾಗ ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆಯೇ ಅವರ ನೆನಪು. ಎರಡು ಸಾವಿರದ ದಶಕದ ಆರಂಭದಲ್ಲಿ ಅಹಮದಾಬಾದಿನ ಚಾಂದ್‌ಖೇಡಾದಲ್ಲಿ ನಮ್ಮ ಪಕ್ಕದ ಮನೆಯವರು, ನವರಂಗಪುರದ ಒಂದು ಕಂಪನಿಯ ಸರ್ವರ್ ಕೋಣೆಗೆ ಮ್ಯಾನೇಜರ್. ಮೇ ತಿಂಗಳ ಬಿಸಿಲಲ್ಲೂ ತೋಳಿನ ಮೇಲೆ ಇದೇ ವಾಸನೆಯ ಉಣ್ಣೆಯ ಸ್ವೆಟರ್ ಹಾಕಿಕೊಂಡು ಸ್ಕೂಟರ್ ಇಳಿಯುತ್ತಿದ್ದರು. ತಾವು ತಣ್ಣನೆಯ ಕೋಣೆಯ ಒಡೆಯರೆಂದು ಬೀದಿಗೆಲ್ಲ ತಿಳಿಯಬೇಕಿತ್ತು...

ಆ ಕೋಣೆಯ ಬಿಸಿ ಅಳೆಯಲು ವಡೋದರಾದ ಮಂಜಲ್‌ಪುರದಿಂದ ಒಬ್ಬ ಎಂಜಿನಿಯರ್ ಬಂದ. ಹುಬ್ಬಳ್ಳಿಯವನು. ಸಾಬೂನು ಡಬ್ಬಿಯಷ್ಟು ದೊಡ್ಡ ಸೆನ್ಸರ್‌ಗಳನ್ನು ತಾನೇ ತಯಾರಿಸಿದ್ದ. ವೈರ್ ಬೇಡ, ಎರಡು ಪೆನ್ಸಿಲ್ ಸೆಲ್ ಸಾಕು. ನೌಕರಿ ಬಿಟ್ಟವನಿಗೆ ಇದೇ ಮೊದಲ ಆರ್ಡರ್. ಇಲ್ಲಿ ಸರಿಹೋದರೆ ಸೂರತ್ತಿನ ಇನ್ನೊಂದು ಆಫೀಸಿನವರೂ ಇವನ್ನು ಕೊಳ್ಳುವುದಿತ್ತು. ಪತ್ರಿಕೆಯಲ್ಲಿ ಸುದ್ದಿ ಬರಲೆಂದು ಮ್ಯಾನೇಜರ್ ನನ್ನನ್ನೂ ಕರೆದೊಯ್ದಿದ್ದರು.

"ಇದ್ಯಾಕಯ್ಯ ಸುಮ್ನೆ ಕೂತಿದೆ?"

"ಮಲಗೈತ್ರಿ ಸರ್. ಆಗಾಗ ಎದ್ದು ಬಿಸಿ ಎಷ್ಟೈತಿ ಹೇಳಿ ಮತ್ತ ಮಲಗತೈತಿ. ಅದಕ್ಕ ಸೆಲ್ ವರ್ಷಗಟ್ಟಲೆ ಬರ್ತಾವ."

"ನನ್ನ ಕೋಣೇಲಿ ಮಲಗೋರಿಗೆ ಜಾಗ ಇಲ್ಲ. ನಾಳೆ ಡೈರೆಕ್ಟರ್ ಬರ್ತಾರೆ, ಪರದೆ ಮೇಲೆ ನಂಬರ್ ಕುಣೀತಿರ್ಬೇಕು."

"ಹಂಗ ಮಲಗಲಾರದಂಗ ಇಟ್ರ ಸೆಲ್ ವಾರನೂ ಬಾಳಂಗಿಲ್ರಿ."

"ಹೇಳಿದ್ದು ಮಾಡಯ್ಯ."

ಮಾಡಿದ. ನಂಬರ್ ಕುಣಿದವು. "ಬಧು ಬರಾಬರ್," ಎಲ್ಲ ಸರಿಯಾಗಿದೆ ಎಂದು ಡೈರೆಕ್ಟರ್ ಹೊರಟರು. ಸೆನ್ಸರ್‌ಗಳನ್ನು ಮೊದಲಿನ ಕ್ರಮಕ್ಕೆ ತರಲು ಎಂಜಿನಿಯರ್ ಮತ್ತೆ ಬಂದಾಗ ಮ್ಯಾನೇಜರ್ ಒಳಗೇ ಬಿಡಲಿಲ್ಲ. ಸೆಲ್‌ಗಳು ಸತ್ತವು, ಪರದೆಯ ಮೇಲೆ ಕೊನೆಯ ಅಂಕಿಗಳು ಹಾಗೇ ನಿಂತವು. ಕೋಣೆ ಈಗ ಹದಕ್ಕೆ ಬಂದಿದೆ, ಒಂದು ಡಿಗ್ರಿಯೂ ಅಲುಗಾಡುತ್ತಿಲ್ಲ ಎಂದು ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ ಹೇಳಿದರು. ಒಂದು ಭಾನುವಾರ ಏಸಿ ಕೆಟ್ಟಿತು. ಎಚ್ಚರಿಸುವುದು ಯಾವುದೂ ಇರಲಿಲ್ಲ. ಸರ್ವರ್‌ಗಳು ಸುಟ್ಟವು.

ವೈರ್ ಇಲ್ಲದ ಆಟಿಕೆಯಿಂದ ಕೋಣೆ ಹಾಳಾಯಿತು ಎಂದು ಮ್ಯಾನೇಜರ್ ಡೈರೆಕ್ಟರ್‌ಗೆ ವರದಿ ಕೊಟ್ಟರು. ಎಂಜಿನಿಯರ್ ಮೊದಲೇ ಎಚ್ಚರಿಸಿದ್ದನ್ನು ನಾನು ಕೇಳಿದ್ದೆ. ಹೋಗಿ ಡೈರೆಕ್ಟರ್ ಎದುರೇ ಹೇಳಿದೆ. ಮ್ಯಾನೇಜರ್ ನಕ್ಕರು. "ಪೇಪರ್‌ನೋರು ಪಾಪ, ಅವ್ರಿಗೆ ಟೆಕ್ನಿಕಲ್ ವಿಷ್ಯ ಎಲ್ಲಿ ಗೊತ್ತಾಗ್ಬೇಕು?"

ಅವರಿಗೆ ಬಡ್ತಿ ಬಂತು. ಸುದ್ದಿ ಸೂರತ್ತಿಗೂ ಮುಟ್ಟಿ ಅಲ್ಲಿನವರು ಬೇಡವೆಂದರು. ಎಂಜಿನಿಯರ್ ಸೆನ್ಸರ್ ತಯಾರಿಸುತ್ತಿದ್ದ ಮಂಜಲ್‌ಪುರದ ಶೆಡ್ಡಿಗೆ ಬೀಗ ಬಿತ್ತು. ಆಮೇಲೆ ಆ ಎಂಜಿನಿಯರ್ ಎಲ್ಲಿ ಹೋದನೋ...

ಕಳೆದ ತಿಂಗಳು ಮ್ಯಾನೇಜರ್ ತೀರಿಕೊಂಡರು. ಕನ್ನಡ ಸಂಘದ ಕಾರ್ಯದರ್ಶಿ ಶ್ರದ್ಧಾಂಜಲಿಗೆ ನಾಲ್ಕು ಸಾಲು ಕೇಳಿದರು. ಹುಟ್ಟಿದ ಊರು, ಹುದ್ದೆ, ನಿವೃತ್ತಿಯ ವರ್ಷ ಬರೆದುಕೊಟ್ಟೆ. ಹೊಗಳಿಕೆಯನ್ನು ಅವರೇ ಸೇರಿಸಿಕೊಂಡರು. ಹುಬ್ಬಳ್ಳಿಯ ಆ ಎಂಜಿನಿಯರ್ ಈಗ ಎಲ್ಲಿದ್ದಾನೆ ಗೊತ್ತೇ ಎಂದು ಕೇಳಿದೆ.

"ಯಾವ ಎಂಜಿನಿಯರ್ ಸರ್?" ಎಂದರು ಕಾರ್ಯದರ್ಶಿ.