ಅಟ್ಟದ ಮೇಲಿದ್ದ ಕ್ಯಾಲೆಂಡರ್ ಸುರುಳಿ

ಮೊನ್ನೆ ದಿನಸಿ ಅಂಗಡಿಯವರು ಕೊಟ್ಟ ಹೊಸ ಕ್ಯಾಲೆಂಡರ್ ಬಿಚ್ಚಿದಾಗ ಇಂಕಿನ ಘಾಟು ಮೂಗಿಗೆ ಹೊಡೆಯಿತು. ಅಕ್ಕನ ನೆನಪಾಯಿತು, ಜೊತೆಗೇ ಸಿಟ್ಟೂ ಬಂತು. ಅವಳು ತೀರಿಕೊಂಡು ಎರಡು ವರ್ಷವಾದರೂ ಅದು ಪೂರ್ತಿ ಆರಿಲ್ಲ.

ಗಂಡನ ಮನೆ ಬಿಟ್ಟು ಅವಳು ಕೋಗಿಲು ಊರಿನ ನಮ್ಮ ಮನೆಗೆ ಬಂದಾಗ ಅವ್ವ ತೀರಿಹೋಗಿ ವರ್ಷವಾಗಿತ್ತು. ಬಂದ ವಾರವೇ ಗೋಡೆಗೆ ಕ್ಯಾಲೆಂಡರ್ ಹಾಕಿ, ಒಂದೊಂದು ತಾರೀಖಿಗೂ ಒಂದೊಂದು ಕೆಲಸ ಬರೆದಳು. ನೀರು ಹಿಡಿಯುವುದು, ತೊಟ್ಟಿ ತೊಳೆಯುವುದು, ಹಾಸಿಗೆ ಬಿಸಿಲಿಗೆ ಹಾಕುವುದು. ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬೈಗುಳ ಬೀಳುತ್ತಿತ್ತು. ತಿಂಗಳ ಕೊನೆಯ ಭಾನುವಾರ, ವರ್ಷದಿಂದ ಯಾರೂ ಮುಟ್ಟದ್ದೆಲ್ಲ ಗುಜರಿಗೆ. ಮನೆಯಲ್ಲಿ ನೀರಿಗೆ ಪರದಾಟ ನಿಂತಿದ್ದು ನಿಜ. ಅದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ಹೊಟ್ಟೆಯುರಿ.

ಒಂದು ಭಾನುವಾರ ನನ್ನ ಪಾರಿವಾಳದ ಗೂಡು ಹೋಯಿತು.

"ಹಕ್ಕೀನೇ ಇಲ್ಲ, ಗೂಡ್ಯಾಕೋ?" ಎಂದಳು.

"ನಿನ್ನೂ ಗಂಡನ್ ಮನೆಯೋರು ಇಂಗೇ ತಾನೆ ಎತ್ತಿ ಆಚೆಗಾಕಿದ್ದು?" ಎಂದೆ.

ಅವಳು ಪೊರಕೆ ಹಿಡಿದು ಗೂಡಿದ್ದ ಜಾಗ ಗುಡಿಸತೊಡಗಿದಳು.

ಮುಂದಿನ ವಾರ ಅವಳು ಹಿಟ್ಟಿನ ಗಿರಣಿಗೆ ಹೋಗಿದ್ದಾಗ ಗುಜರಿಯವನ ಕೂಗು ಕೇಳಿತು. ಅವಳು ಎಸೆಯದೆ ಉಳಿಸಿಕೊಂಡಿದ್ದು ಒಂದೇ ವಸ್ತು, ಅಟ್ಟದ ಮೇಲಿನ ಹಳೇ ಕ್ಯಾಲೆಂಡರ್‌ಗಳ ಸುರುಳಿ. ಅದನ್ನು ತಂದು ಅವನ ಗಾಡಿಗೆ ಹಾಕಿದೆ.

ಸಂಜೆ ಕೇಳಿದಳು. "ಸುರುಳಿ ಎಲ್ಲೋ?"

"ಗುಜರಿಗೆ ಆಕ್ದೆ. ವರ್ಷದಿಂದ ಯಾರು ಮುಟ್ಟಿದ್ರು? ನಿಂದೇ ರೂಲ್ಸು."

"ಬಿಚ್ಚಿ ನೋಡಿದ್ಯಾ?"

"ಇಲ್ಲ."

ಸುಳ್ಳು. ಬಿಚ್ಚಿ ನೋಡಿದ್ದೆ. ಅಕ್ಷರ ಬಾರದ ಅವ್ವ ಕೆಂಪು ಪೆನ್ಸಿಲಿನಲ್ಲಿ ಬರೆದ ಚಿತ್ರಗಳು ಅದರಲ್ಲಿದ್ದವು. ನೀರು ಬರುವ ದಿನಕ್ಕೆ ಬಿಂದಿಗೆ, ಮನೆ ಗುಡಿಸಿ ಸಾರಿಸುವ ದಿನಕ್ಕೆ ಪೊರಕೆ, ನಮ್ಮಿಬ್ಬರಿಗೂ ಎಣ್ಣೆ ಹಚ್ಚಿ ನೀರು ಹಾಕುವ ದಿನಕ್ಕೆ ಬಾಚಣಿಗೆ. ಗುರುತು ಹಿಡಿದೆ. ಮತ್ತೆ ಸುತ್ತಿ ಕೊಟ್ಟೆ.

"ಸರಿ ಬಿಡು," ಎಂದು ಗೋಡೆಯ ಮೇಲಿದ್ದ ತನ್ನ ಕ್ಯಾಲೆಂಡರನ್ನೂ ಇಳಿಸಿದಳು. ತಿಂಗಳೊಳಗೆ ಬಾಗಲಗುಂಟೆಯಲ್ಲಿ ಒಂದು ರೂಮು ಹಿಡಿದು ಹೋದಳು. ನಾನು ಕರೆಯಲಿಲ್ಲ, ಅವಳೂ ಬರಲಿಲ್ಲ. ನಾಲ್ಕು ವರ್ಷವಾದ ಮೇಲೆ ಬಂದದ್ದು ಸಾವಿನ ಸುದ್ದಿ.

ಅವಳ ರೂಮಿನಲ್ಲಿ ಒಂದು ಮಂಚ, ಎರಡು ಪಾತ್ರೆ. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಬರೆದ ಒಂದಕ್ಷರವೂ ಇರಲಿಲ್ಲ. ತುಂಬ ಬಿಂದಿಗೆ, ಪೊರಕೆ, ಬಾಚಣಿಗೆ.

"ಓದು ಬರಹ ಚೆನ್ನಾಗಿತ್ತಲ್ಲ ನಿಮ್ಮಕ್ಕಂಗೆ, ಇದ್ಯಾಕ್ ಇಂಗೆ ಬರ್ಕೊಂಡಿದ್ರು?" ಎಂದು ಮನೆ ಓನರಮ್ಮ ಕೇಳಿದರು.

"ಗೊತ್ತಿಲ್ಲಮ್ಮ," ಎಂದೆ. ಅವಳ ಹೆಣ ಇನ್ನೂ ಹೊರಗಿತ್ತು. ಅಲ್ಲಿಯೂ ಸುಳ್ಳು.

ಹೊಸ ಕ್ಯಾಲೆಂಡರನ್ನು ಈಗ ಮನೆಯಲ್ಲಿ ಅಕ್ಕನ ಕ್ಯಾಲೆಂಡರ್ ಇದ್ದ ಅದೇ ಹಳೆಯ ಮೊಳೆಗೆ ಹಾಕಿದ್ದೇನೆ. ನಾಳೆ ನೀರು ಬರುವ ದಿನ. ಆ ತಾರೀಖಿನಲ್ಲಿ ಒಂದು ಬಿಂದಿಗೆ ಬರೆದೆ. ಓರೆಯಾಯಿತು. ಅವ್ವನ ಬಿಂದಿಗೆಯೂ ಓರೆಯೇ… ನಾನು ನೋಡಿದ್ದೆ ಅಕ್ಕ, ಬಿಚ್ಚಿ ನೋಡಿದ್ದೆ.