ಬಾಗಿಲ ಹಿಂದಿನಿಂದ ಎತ್ತಿಕೊಟ್ಟ ಸಾಲು

ಚನ್ನರಾಯಪಟ್ಟಣದ ಪ್ರೈಮರಿ ಸ್ಕೂಲಿನ ಜಿನದಾಸ ಮೇಷ್ಟ್ರು ಇಂಗ್ಲಿಷ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದರು. ಲೆಕ್ಕ, ಚರಿತ್ರೆ, ಕನ್ನಡ ಎಲ್ಲ ಪಾಸಾಗಿತ್ತು. ಆ ಒಂದು ಪೇಪರು ದಾಟಿದರೆ ಹಾಸನದ ಮಿಡ್ಲ್ ಸ್ಕೂಲಿಗೆ ಬಡ್ತಿ. ದಾಟಲಾಗದೆ ಚಿಕ್ಕ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತ ಕೂತಿದ್ದರು. ಹೆಂಡತಿ ಅನಂತಮತಿಗೆ ಆಗ ಹತ್ತೊಂಬತ್ತು. ಶ್ರವಣಬೆಳಗೊಳದ ಹೆಣ್ಣು, ಮೂರನೆ ಕ್ಲಾಸಿಗೇ ಸ್ಕೂಲು ಬಿಟ್ಟವಳು.

ಇಂಗ್ಲಿಷನ್ನು ಅಷ್ಟುದ್ದಕ್ಕೂ ಹಿಡಿಯಲು ಹೋಗಬೇಡ, ಒಂದು ಕ್ರಿಯಾಪದ ಹಿಡಿದು ಅದರ ಬೇರಿನವರೆಗೂ ಇಳಿ ಎಂದು ಅರಕಲಗೂಡಿನ ಹಳೆಯ ಮೇಷ್ಟ್ರೊಬ್ಬರು ಅವರಿಗೆ ಹೇಳಿಕೊಟ್ಟಿದ್ದರಂತೆ. ಅವರು ಹಿಡಿದದ್ದು 'ಟೇಕ್'. ಹಳೆಯ ಹಾಜರಿ ಕಾಗದಗಳ ಬೆನ್ನಿಗೆ ಗೀಟು ಹಾಕಿ, ದಾರದಿಂದ ಹೊಲಿದು ಪುಸ್ತಕ ಮಾಡಿಕೊಂಡರು. ಸಿಕ್ಕಿದ ಕಡೆಯಿಂದೆಲ್ಲ ಟೇಕಿನ ವಾಕ್ಯಗಳನ್ನು ತಂದು ಅದರಲ್ಲಿ ಬರೆದರು.

ಜೈನರ ಮನೆ. ಹೊತ್ತು ಮುಳುಗುವುದರೊಳಗೆ ಊಟ ಮುಗಿದು, ಪಾತ್ರೆ ಬೆಳಗಿ ಆಗುತ್ತಿತ್ತು. ಬೀದಿಯವರೆಲ್ಲ ಒಲೆ ಹಚ್ಚುವ ಹೊತ್ತಿಗೆ ಈ ಮನೆಯಲ್ಲಿ ಗಂಡ ಪಡಸಾಲೆಯಲ್ಲಿ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ಹೆಂಡತಿ ನಡುಮನೆಯ ಬಾಗಿಲ ಹಿಂದೆ ಕೂತು ಬಸದಿಗೆ ಹೂಬತ್ತಿ ಹೊಸೆಯುತ್ತಿದ್ದಳು. ಕಲಿಯಬೇಕೆಂದು ಅವಳು ಕೂತದ್ದಲ್ಲ. ಬತ್ತಿಗೊಂದು ವಾಕ್ಯದಂತೆ ಅವು ತಾವಾಗಿ ಬೆರಳಿಗೆ ಬಂದವು.

ಅವಳಿಗೆ ಮೊದಮೊದಲು ನಗು. ಸ್ನಾನಕ್ಕೂ ಟೇಕ್, ಔಷಧಿಗೂ ಟೇಕ್, ರಜಕ್ಕೂ ಟೇಕ್. ಕುರ್ಚಿಯಲ್ಲಿ ಕೂರುವುದಕ್ಕೂ, ರೈಲು ಹತ್ತುವುದಕ್ಕೂ, ಫೋಟೋ ಹಿಡಿಯುವುದಕ್ಕೂ, ಮೈಮುರಿದು ಶ್ರಮಪಡುವುದಕ್ಕೂ, ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದಕ್ಕೂ ಅದೊಂದೇ. ಒಂದು ದಿನ ತಡೆಯಲಾರದೆ ಕೇಳಿದಳು.

"ಅಲ್ಲಾಂದ್ರೆ, ಕೊಡೋದು ಅನ್ನೋ ಮಾತೇ ಇಲ್ವಾ ಅವರಲ್ಲಿ? ಬರೀ ತಗೊಳೋದೇನಾ?"

"ಅದಕ್ಕೇ ಕಣೇ, ನಮ್ಮ ದೇಶ ತಗೊಂಡು ಕೂತಿರೋದು" ಎಂದು ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ಅವಳು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವತ್ತಿನಿಂದ ಹೊಸದೊಂದು ವಾಕ್ಯ ಸಿಕ್ಕರೆ ಪೇಟ ತೆಗೆಯುವ ಮೊದಲೇ ಬಂದು ಅವಳಿಗೆ ಹೇಳುವರು. ಲೆಕ್ಕ ಅರವತ್ತಮೂರಕ್ಕೆ ಬಂದಾಗ, ಜೈನ ಪುರಾಣದ ಮಹಾಪುರುಷರು, ಶಲಾಕಾಪುರುಷರೂ ಅರವತ್ತಮೂರೇ, ಇನ್ನು ಸಾಕು ಎಂದು ಅವಳು ಚೇಷ್ಟೆ ಮಾಡಿದಳು. ಅಷ್ಟು ಸಲಿಗೆ ಬಂದಿತ್ತು. ಮದುವೆಯಾಗಿ ಮೂರು ವರ್ಷವಾಗಿ ಮಗಳು ತ್ರಿಶಲಾ ಹುಟ್ಟಿದ್ದರೂ, ಗಂಡ ಹೆಂಡತಿ ಕೂತು ಮಾತಾಡುವುದು ಶುರುವಾದದ್ದು ಆ ಪುಸ್ತಕದಿಂದಲೇ.

ಮೂವತ್ತೇಳನೆ ಇಸವಿ, ಪರೀಕ್ಷೆಗೆ ಇಪ್ಪತ್ತು ದಿನ ಇತ್ತು. ಹಾಸನದ ಮಿಡ್ಲ್ ಸ್ಕೂಲಿನ ಹೆಡ್ಮಾಸ್ತರು ಗೌರೀಶಂಕರಯ್ಯನವರು ಯಾವುದೋ ಕೆಲಸಕ್ಕೆ ಊರಿಗೆ ಬಂದವರು ಸಾಯಂಕಾಲ ಇವರ ಮನೆಗೂ ಬಂದರು. ಅವರಲ್ಲಿ ಒಂದು ಜಾಗ ಖಾಲಿಯಿತ್ತು. ಜಿನದಾಸ ಈ ಸಲ ಪಾಸಾಗುವ ಹಾಗೆ ಕಂಡರೆ ಅವರ ಹೆಸರನ್ನೇ ಮೇಲಕ್ಕೆ ಬರೆಯುವ ಮನಸ್ಸು. ಸಭ್ಯ ಮನುಷ್ಯ, ನಗುಮುಖ. ಕಾಫಿ ಕುಡಿಯುತ್ತ ಪುಸ್ತಕ ತಿರುವಿ ಹಾಕಿ, ಕನ್ನಡದಲ್ಲಿ ಒಂದೊಂದೇ ಮಾತು ಹೇಳಿ, ಅದನ್ನು ಟೇಕ್ ಸೇರಿಸಿ ಇಂಗ್ಲಿಷಿನಲ್ಲಿ ಹೇಳಿ ಎಂದರು. ಮೇಷ್ಟ್ರು ತಡವರಿಸದೆ ಹೇಳುತ್ತ ಹೋದರು. ಬಾಗಿಲ ಹಿಂದೆ ಅನಂತಮತಿಯ ತುಟಿಯೂ ಆಡುತ್ತಿತ್ತು.

ಅಷ್ಟರಲ್ಲಿ ಎರಡು ವರ್ಷದ ತ್ರಿಶಲಾ ತಟ್ಟಾಡಿಕೊಂಡು ಹೋಗಿ ಹೆಡ್ಮಾಸ್ತರ ಮೊಣಕಾಲು ಹಿಡಿದಳು. ಅವರು ಮಗುವಿನ ಗಲ್ಲ ಹಿಡಿದು, "ಇವಳು ತಾಯಿ ಹೋಲಿಕೆ ಅಂತ ಕಾಣುತ್ತೆ. ಎಲ್ಲಿ, ಇದನ್ನೇ ಹೇಳಿ ನೋಡೋಣ" ಎಂದರು.

ಮೇಷ್ಟ್ರು ಬಾಯಿ ತೆರೆದರು, ಮಾತು ಬರಲಿಲ್ಲ. ಹಿಂದಿನ ದಿನವೇ ಬರೆದ ವಾಕ್ಯ ಅದು. ಅಂಗವಸ್ತ್ರದ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ತಲೆ ತಗ್ಗಿಸಿದರು.

ಬೆಳಗೊಳದಲ್ಲಿ ಅವಳು ಬೆಳೆದ ಬಸದಿಯಲ್ಲಿ ಒಂದು ಪದ್ಧತಿಯಿತ್ತು. ಸ್ತೋತ್ರ ಹೇಳುವವರಿಗೆ ಸಾಲು ಮರೆತರೆ ಅವರು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಕೂತವರಲ್ಲಿ ಯಾರಿಗೆ ಗೊತ್ತಿದೆಯೋ ಅವರು ಮೆಲ್ಲನೆ ಎತ್ತಿಕೊಡುತ್ತಿದ್ದರು. ಮುದುಕಿಯಾದರೂ ಸರಿ, ಎಂಟು ವರ್ಷದ ಹುಡುಗಿಯಾದರೂ ಸರಿ. ಹಿಂದೆ ಒಮ್ಮೆ ದೊಡ್ಡ ಪಂಡಿತರಿಗೇ ಅನಂತಮತಿ ಎತ್ತಿಕೊಟ್ಟು, ಅವರಿಂದ ತಲೆ ಸವರಿಸಿಕೊಂಡಿದ್ದಳು. ಅಲ್ಲಿ ಅದು ಪುಣ್ಯದ ಕೆಲಸ. ಈಗಲೂ ಅವಳು ಯೋಚಿಸಲಿಲ್ಲ. ತಗ್ಗಿದ ತಲೆ ಕಂಡಿತು, ಸಾಲು ಬಾಯಿಗೆ ಬಂತು.

"ಟೇಕ್ಸ್ ಆಫ್ಟರ್ ಹರ್ ಮದರ್" ಎಂದಳು ಬಾಗಿಲ ಹಿಂದಿನಿಂದ.

ಹೆಡ್ಮಾಸ್ತರು ಬೆರಗಾಗಿ ಬಾಯ್ತುಂಬ ನಕ್ಕರು. "ಏನು ಮೇಷ್ಟ್ರೇ, ಈ ಸಲ ಪರೀಕ್ಷೆಗೆ ಮನೆಯವರನ್ನೇ ಕಳಿಸಿಬಿಡಿ" ಎಂದರು. ಅದರಲ್ಲಿ ಕೊಂಕಿರಲಿಲ್ಲ, ನಿಜವಾದ ಸಂತೋಷವೇ ಇತ್ತು. ಹೋಗುವಾಗ ಮೇಷ್ಟ್ರ ಬೆನ್ನು ತಟ್ಟಿಯೇ ಹೋದರು. ಆದರೆ ಅವರು ಇಳಿದುಕೊಂಡಿದ್ದ ಮನೆಯಲ್ಲಿ ಆ ಮಾತನ್ನು ಹೊಗಳಿಕೆಯಾಗಿ ಹೇಳಿದರು. ಅಲ್ಲಿಂದ ಪಕ್ಕದ ಮನೆಯ ದಾಕ್ಷಾಯಣಮ್ಮನ ಕಿವಿಗೆ ಬಂತು, ಅಲ್ಲಿಂದ ತೆಂಗಿನಕಾಯಿ ಮಂಡಿಗೆ ಹೋಯಿತು. ಮೂರನೆ ದಿನ ಮೇಷ್ಟ್ರು ಮಂಡಿಯ ಮುಂದೆ ಹಾದುಹೋಗುವಾಗ ಕಾಯಿ ಸುಲಿಯುವ ಬೋರಪ್ಪ ಜೊತೆಯವನಿಗೆ, ಇವರ ಕಿವಿಗೂ ಬೀಳುವಂತೆಯೇ ಹೇಳಿದನು. "ನಮ್ ಮೇಷ್ಟ್ರಿಗೆ ಹಾಸ್ನ ಯಾಕ್ಲಾ? ಹೆಡ್ಮಾಸ್ತ್ರು ಅಡ್ಗೆಮನೇಲೇ ಅವ್ರೆ ಕಣ್ಲಾ."

ಮೇಷ್ಟ್ರು ಮನೆಗೆ ಬಂದು ಬೈಯಲಿಲ್ಲ. ಬೈದಿದ್ದರೆ ಅವಳು ಅತ್ತು, ತಪ್ಪಾಯಿತು ಎಂದು ಕಾಲು ಹಿಡಿಯುತ್ತಿದ್ದಳು. ಅವರು ಪುಸ್ತಕಕ್ಕೆ ದಾರ ಸುತ್ತಿ ಅಟ್ಟದ ಮೇಲಿಟ್ಟರು. ಅವತ್ತಿನ ಸಂಜೆಯಿಂದ ಪಡಸಾಲೆಯಲ್ಲಿ ಓದುವ ದನಿ ನಿಂತಿತು. ಬತ್ತಿ ಹೊಸೆಯುವವಳಿಗೆ ತನ್ನ ಅಂಗೈ ಸದ್ದೇ ದೊಡ್ಡದಾಗಿ ಕೇಳಿಸತೊಡಗಿತು.

ಪರೀಕ್ಷೆಯ ದಿನ ಅವಳು ಬೆಳಗಾಗುತ್ತಲೇ ಬುತ್ತಿ ಕಟ್ಟಿ, ಶೋಧಿಸಿದ ನೀರನ್ನು ತಂಬಿಗೆಗೆ ತುಂಬಿ, ಹೊಸ್ತಿಲ ಹತ್ತಿರ ಇಟ್ಟಳು. ಹಾಸನದ ಬಸ್ಸು ಎಂಟಕ್ಕೆ. ಮೇಷ್ಟ್ರು ಕೋಟು ಹಾಕಿಕೊಂಡು ಬಂದವರು ಬುತ್ತಿಯನ್ನು ನೋಡಿ, "ನಿನಗೆ ಬರುತ್ತಲ್ಲ, ನೀನೇ ಹೋಗಿ ಬರ್ಕೊಂಡು ಬಾ" ಎಂದರು. ದನಿ ಏರಿಸಲಿಲ್ಲ. ಎಂದಿನಂತೆ ತಮ್ಮ ಸ್ಕೂಲಿಗೆ ನಡೆದರು. ಬಸ್ಸು ಹಾರನ್ ಹೊಡೆದದ್ದು ಅವಳಿಗೆ ಅಡುಗೆಮನೆಯಲ್ಲಿ ಕೇಳಿಸಿತು. ಬುತ್ತಿಯನ್ನು ಬಿಚ್ಚಿ ಹಸುವಿಗೆ ಹಾಕಿದಳು.

ಆ ಜಾಗ ವೃಷಭರಾಜ ಎಂಬ ಅವರಿಗಿಂತ ಆರು ವರ್ಷ ಚಿಕ್ಕವನಿಗೆ ಹೋಯಿತು. ಮೇಷ್ಟ್ರನ್ನು ಸಾಲಗಾಮೆಗೆ ಹಾಕಿದರು, ಅಲ್ಲಿಂದ ಹೊಳೆನರಸೀಪುರಕ್ಕೆ. ಎಲ್ಲಿ ಹೋದರೂ ಮರಳಿನ ಮೇಲಿನ ಅಕ್ಷರವೇ. ಪರೀಕ್ಷೆಗೆ ಮತ್ತೆ ಕಟ್ಟಲಿಲ್ಲ. ಗಂಡನಾಗಿ ಅವರು ಏನೂ ಕಡಿಮೆ ಮಾಡಲಿಲ್ಲ. ಜ್ವರ ಬಂದರೆ ತಾವೇ ಕಷಾಯ ಕಾಸಿಕೊಡುವರು, ಹಬ್ಬಕ್ಕೆ ಸೀರೆ ತರುವರು. ಆದರೆ ಪೇಟ ತೆಗೆಯುವ ಮೊದಲು ಬಂದು ಹೇಳುವಂಥ ಮಾತು ಯಾವುದೂ ಉಳಿದಿರಲಿಲ್ಲ.

ಅವಳಿಗೆ ಅರವತ್ತಮೂರೂ ಹಾಗೇ ಇದ್ದವು. ಹೊಳೆಯಿಂದ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ಮೆಟ್ಟಿಲಿಗೊಂದರಂತೆ ಅವು ತಾವಾಗಿ ಬರುತ್ತಿದ್ದವು. ಬೇಡವೆಂದರೂ ಬಿಡುತ್ತಿರಲಿಲ್ಲ.

ಭಾದ್ರಪದದ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಬರುತ್ತದಲ್ಲ, ಅಂದು ಜೈನರೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪನ್ನು ಕ್ಷಮಿಸಿ ಎನ್ನುತ್ತಾರೆ. ವರ್ಷವರ್ಷವೂ ಅವಳು ಗಂಡನಿಗೆ ಕೈಮುಗಿದು ಹಾಗೆಂದಳು. ಅವರೂ ಕೈಮುಗಿದು ಹಾಗೆಂದರು. ಹಾಲಿನವಳಿಗೂ ಅದೇ ಮಾತು, ದಾರಿಯಲ್ಲಿ ಸಿಕ್ಕವರಿಗೂ ಅದೇ ಮಾತು. ಆ ಸಂಜೆಯ ಹೆಸರನ್ನು ಹತ್ತು ವರ್ಷದಲ್ಲಿ ಇಬ್ಬರಲ್ಲಿ ಯಾರೂ ಎತ್ತಲಿಲ್ಲ.

ನಲವತ್ತೇಳರಲ್ಲಿ ತ್ರಿಶಲಾ ಮಿಡ್ಲ್ ಸ್ಕೂಲು ಸೇರಿದಳು. ಒಂದು ಸಂಜೆ ಊಟ ಮುಗಿಸಿ ಸ್ಲೇಟು, ಪುಸ್ತಕ ಹರಡಿಕೊಂಡು ಕೂತವಳು, "ಅಪ್ಪಾಜಿ, ಟೇಕ್ ಅನ್ನೋದನ್ನ ಹತ್ತು ಥರ ಉಪಯೋಗಿಸಿ ಬರ್ಕೊಂಡು ಬನ್ನಿ ಅಂದಿದಾರೆ" ಎಂದಳು.

ಬಾಗಿಲ ಹಿಂದೆ ಅನಂತಮತಿಯ ಕೈಯಲ್ಲಿದ್ದ ಬತ್ತಿ ಅಲ್ಲೇ ನಿಂತಿತು. ಮೇಷ್ಟ್ರು ಪೆನ್ಸಿಲು ಕೆತ್ತುತ್ತಿದ್ದರು. ತಲೆ ಎತ್ತದೆ, "ನಿಮ್ಮಮ್ಮನ್ನ ಕೇಳು. ಅವಳಿಗೆ ನನಗಿಂತ ಚೆನ್ನಾಗಿ ಬರುತ್ತೆ" ಎಂದರು.

ಹತ್ತು ವರ್ಷದ ಮೇಲೆ ಬಂದ ಮಾತು. ಅದು ಚುಚ್ಚುಮಾತೋ ನಿಜಕ್ಕೂ ಕರೆಯುತ್ತಿದ್ದಾರೋ ಅವಳಿಗೆ ತಿಳಿಯಲಿಲ್ಲ. ಹಿಂದೆ ಒಂದು ಸಲ ಬಾಯಿ ಬಿಟ್ಟು ಆದದ್ದೇ ಸಾಲದೆ ಎಂದುಕೊಂಡಳು.

"ನನಗೇನು ಗೊತ್ತಮ್ಮ, ಎಲ್ಲಾ ಮರೆತುಹೋಯ್ತು" ಎಂದುಬಿಟ್ಟಳು.

ಪೆನ್ಸಿಲು ಕೆತ್ತುವ ಕೈ ನಿಂತಿತು. ಮೇಷ್ಟ್ರು ಒಂದು ಸಲ ಅವಳ ಕಡೆ ನೋಡಿದರು. ಆಮೇಲೆ ಮಗಳನ್ನು ಹತ್ತಿರ ಕೂರಿಸಿಕೊಂಡು ತಾವೇ ಹೇಳತೊಡಗಿದರು. ಸ್ನಾನ, ಔಷಧಿ, ರಜ, ರೈಲು. ಏಳು ಬಂದವು, ಎಂಟು ಬಂದವು. ಎಂಟಕ್ಕೆ ನಿಂತರು. ಪೆನ್ಸಿಲನ್ನು ಬೆರಳಲ್ಲಿ ತಿರುಗಿಸಿದರು, ತಲೆ ತಗ್ಗಿಸಿದರು. ಹಾಗೇ ಕೂತರು, ಬಹಳ ಹೊತ್ತು. ಎದುರಿಗೆ ಕೂತಿದ್ದ ಮಗುವಿನ ಮುಖ ಥೇಟು ತಾಯಿಯದೇ ಆಗಿತ್ತು. ಒಂಬತ್ತನೆಯದು ಅನಂತಮತಿಯ ನಾಲಿಗೆಯ ಮೇಲೇ ಇತ್ತು. ಅವಳು ಬತ್ತಿಯನ್ನು ಬಿಗಿಯಾಗಿ ಹೊಸೆದಳು.

ಕಡೆಗೆ ಮೇಷ್ಟ್ರು, "ಇಷ್ಟೇ ಕಣಮ್ಮ ನಂಗೆ ಬರೋದು" ಎಂದು ಎದ್ದುಹೋದರು. ತ್ರಿಶಲಾ ಒಂಬತ್ತು, ಹತ್ತು ಎಂದು ಅಂಕಿ ಮಾತ್ರ ಹಾಕಿ, ಮುಂದಿನ ಜಾಗವನ್ನು ಖಾಲಿ ಬಿಟ್ಟುಕೊಂಡು ಸ್ಕೂಲಿಗೆ ಹೋದಳು.

ಮಾರನೆಯ ದಿನ ಹೊಳೆಯ ಮೆಟ್ಟಿಲು ಹತ್ತುವಾಗ, ತುಂಬಿದ ಕೊಡ ಸೊಂಟದ ಮೇಲಿರುವಾಗ, ಅನಂತಮತಿಗೆ ಥಟ್ಟನೆ ಹೊಳೆಯಿತು. ಹಾಜರಿ ಕಾಗದದ ಆ ಪುಸ್ತಕವನ್ನು ಬರೆದವರಿಗೆ ಎಂಟೇ ಹೇಗೆ ಬರುತ್ತದೆ? ಅವರು ನಿಂತದ್ದು ಮರೆತಲ್ಲ. ಬಸದಿಯಲ್ಲಿ ನಿಲ್ಲುವ ಹಾಗೆ ನಿಂತಿದ್ದರು, ತಾನು ಎತ್ತಿಕೊಡಲೆಂದು. ಎತ್ತಿಕೊಡಬಾರದ ಕಡೆ ಎತ್ತಿಕೊಟ್ಟವಳು, ಕೊಡಬೇಕಾದ ಕಡೆ ಬಾಯಿ ಕಟ್ಟಿಕೊಂಡು ಕೂತಿದ್ದಳು.

ಆಮೇಲೆ ಅವರಿಬ್ಬರೂ ಬಹಳ ವರ್ಷ ಕೂಡಿ ಬಾಳಿದರು. ಸಂಜೆ ಬೇಗ ಊಟ ಮುಗಿಯುತ್ತಿತ್ತು, ಅವಳು ಬಾಗಿಲ ಹಿಂದಿನ ಜಾಗ ಬಿಟ್ಟು ಪಡಸಾಲೆಗೇ ಬಂದು ಬತ್ತಿ ಹೊಸೆಯುತ್ತಿದ್ದಳು, ಅವರು ತಲೆ ತಗ್ಗಿಸಿದಾಗಲೆಲ್ಲ ಕಿವಿ ನಿಮಿರಿಸುತ್ತಿದ್ದಳು. ಅವರು ಕನ್ನಡಕ ಒರೆಸಿಕೊಳ್ಳಲು ತಲೆ ತಗ್ಗಿಸಿರುತ್ತಿದ್ದರು, ಅಷ್ಟೇ.