ಅಕ್ಕ ಕಟ್ಟಿದ ಹಾಯಿ

ಮೊನ್ನೆ ತಿಪಟೂರಿನ ಅಂಗಡಿಯೊಂದರ ಮುಂದೆ ನಾರಿನ ಹಗ್ಗದ ಸಿಂಬೆಗಳು ಮಳೆಗೆ ನೆನೆದು ಬಿದ್ದಿದ್ದವು. ಆ ಹಸಿ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತೆಂಗಿನ ಸೀಮೆಯಲ್ಲಿ ಹುಟ್ಟಿ ನಾರಿಗೆ ಹೆದರುವವನು ನಾನೊಬ್ಬನೇ ಇರಬೇಕು. ಆದರೆ ನಾನು ಬಸ್ಸು ಹತ್ತಿದರೂ ಕಿಟಕಿಯ ಸರಳು ಅಲುಗುತ್ತದೆಯೇ ಎಂದು ನೋಡಿ ಕೂರುವ ಜಾತಿ, ನೀವು ನಗಬಹುದು.

ನನ್ನ ಅಕ್ಕ ಗಿರಿಜ ಹಾಗಲ್ಲ. ಕರಾವಳಿಯ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆಗಿದ್ದು, ನಿವೃತ್ತಿಯಾದ ಮೇಲೆ ನಮ್ಮೂರು ಹೊನ್ನವಳ್ಳಿಗೆ ಬಂದಳು. ಆ ವರ್ಷ ಊರ ಹತ್ತಿರದ ಕೆರೆ ತುಂಬಿ ಕೋಡಿ ಹರಿಯುತ್ತಿತ್ತು. ಅವಳು ಏರಿಯ ಮೇಲೆ ನಿಂತು ನೀರನ್ನಲ್ಲ, ಗಾಳಿಯನ್ನು ನೋಡಿದಳು. ತಿಂಗಳೊಪ್ಪತ್ತಿನಲ್ಲಿ, ಮಂಗಳೂರಿನಲ್ಲಿ ಕಾಯಿ ಇಳಿಸಿ ವಾಪಸಾದ ಲಾರಿಯಲ್ಲಿ, ಅವಳು ಕರಾವಳಿಯಲ್ಲಿ ಹಾಯಿ ಕಟ್ಟಿ ಓಡಿಸುತ್ತಿದ್ದ ಹಳೆಯ ಪುಟ್ಟ ದೋಣಿ ಬಂದಿಳಿಯಿತು.

ಹಾಯಿಮರಕ್ಕೆ ತೆಂಗು ಭಾರವೆಂದು ಬಿದಿರಿನ ಗಳ ತಂದಳು. ಹಾಯಿ ಹೊಲಿದವರು ತಿಪಟೂರಿನ ಟೈಲರ್ ಖಾದರ್ ಸಾಬರು, ಹಳೆಯ ಶಾಮಿಯಾನದ ಹಳದಿ ಬಟ್ಟೆಯಲ್ಲಿ. "ಯಾರ ಮದ್ವೆ ಮೇಡಂ, ನೀರಲ್ಲಿ?" ಎಂದು ಅವರು ನಕ್ಕರು. ಹಾಯಿ ಏರಿಸಲು ನೈಲಾನ್ ಹಗ್ಗ ತರೋಣವೆಂದು ನಾನೆಂದರೆ ಅಕ್ಕ ಒಪ್ಪಲಿಲ್ಲ. "ನಮ್ಮ ನಾರು ಇರೋವಾಗ ಅದ್ಯಾಕ್ಲಾ?" ಗಳದ ತುದಿಯ ತೂತಿನಲ್ಲಿ ಹಗ್ಗ ಪೋಣಿಸಿ ಎಳೆದಳು, ಹಾಯಿ ಮೇಲೇರಿತು. ಹಾಯಿಯ ಕೆಳಮೂಲೆಗೆ ಇನ್ನೊಂದು ಹಗ್ಗ ಕಟ್ಟಿ, ಅದರ ತುದಿಯನ್ನು ಕೈಯಲ್ಲಿ ಹಿಡಿದು ಒಬ್ಬಳೇ ಹೊರಟಳು, ನಾನು ಏರಿಯ ಮೇಲೇ ಉಳಿದೆ.

ಮೊದಲು ಎಲ್ಲ ಚೆನ್ನಾಗಿತ್ತು. ಹಳದಿ ಹಾಯಿ ಕೆರೆಯ ನಡುವೆ ಹೋಗುವಾಗ ನನಗೂ ಹೆಮ್ಮೆ ಎನಿಸಿತೆಂದು ಹೇಳಬೇಕು. ಆಮೇಲೆ ಗಾಳಿ ತಿರುಗಿತು, ಜೋರಾಯಿತು. ದೋಣಿ ನೇರ ಕೋಡಿಯ ಕಡೆ ಓಡತೊಡಗಿತು. ಕೋಡಿಯ ಕೆಳಗೆ ಬರೀ ಬಂಡೆ.

ಅಕ್ಕ ಹಾಯಿ ಇಳಿಸಲು ನೋಡಿದಳು. ದೋಣಿಯೊಳಗೆ ಚಿಮ್ಮಿದ ನೀರಿಗೆ ನೆನೆದು ಉಬ್ಬಿದ ನಾರು ಗಳದ ತೂತಿನಲ್ಲಿ ಕಚ್ಚಿಕೊಂಡಿತ್ತು. ಎಳೆದಳು, ಜಗ್ಗಿದಳು, ಬರಲಿಲ್ಲ. ನಾನು ಏರಿಯ ಮೇಲೆ ಓಡುತ್ತಿದ್ದೆ. ಒಂದು ಚಪ್ಪಲಿ ಎಲ್ಲೋ ಕಳಚಿತು.

"ಹಗ್ಗ ಬುಡಬ್ಯಾಡ ಕಣಕ್ಕಾ! ಗಟ್ಟಿಯಾಗಿ ಹಿಡ್ಕೋ!" ಎಂದು ಕಿರುಚಿದೆ.

ಅವಳು ನನ್ನ ಕಡೆ ಒಮ್ಮೆ ನೋಡಿ, ಕೈಯಲ್ಲಿದ್ದ ಕೆಳಮೂಲೆಯ ಹಗ್ಗವನ್ನು ಪೂರ್ತಿ ಬಿಟ್ಟಳು.

ಅವಳು ಸೋತು ಕೈಚೆಲ್ಲಿದಳೆಂದೇ ನನಗನಿಸಿತು. ಆದರೆ ಹಿಡಿತ ತಪ್ಪಿದ ಹಾಯಿ ಒಣಹಾಕಿದ ಸೀರೆಯಂತೆ ಪಟಪಟ ಬಡಿದುಕೊಂಡು ಗಾಳಿಯನ್ನು ಸೋರಿಸಿಬಿಟ್ಟಿತು. ದೋಣಿಯ ಓಟ ಕುಗ್ಗಿತು. ಈಗ ಎರಡೂ ಕೈ ಬಿಡುವಾದ ಅಕ್ಕ ಹುಟ್ಟು ಹಾಕುತ್ತ, ಹಾಕುತ್ತ, ಪಕ್ಕದ ಜೊಂಡಿನೊಳಗೆ ದೋಣಿಯನ್ನು ನುಗ್ಗಿಸಿದಳು. ಈಜು ಬಾರದ ನಾನು ಎದೆಮಟ್ಟದ ನೀರಿಗಿಳಿದು ಅದರ ಮೂತಿ ಹಿಡಿದುಕೊಂಡಿದ್ದೆ. ಯಾವಾಗ ಇಳಿದೆನೋ ಗೊತ್ತಿಲ್ಲ.

"ನೀ ಹೇಳ್ದಂಗೆ ಹಿಡ್ಕೊಂಡಿದ್ರೆ ಕೋಡಿ ಕೆಳಗೆ ಹುಡುಕ್ಬೇಕಿತ್ತು ಕಣ್ಲಾ," ಎಂದಳು. ನಗಲು ಹೋದಳು, ಆಗಲಿಲ್ಲ. ನನ್ನ ಭುಜ ಹಿಡಿದುಕೊಂಡಳು. "ಭಯ ಆಗೋಯ್ತು. ಕರಾವಳೀಲೂ ಪ್ರತಿ ಸಲ ಭಯಾನೇ. ಮನೇಲಿ ಯಾರ್ಗೂ ಹೇಳ್ಬ್ಯಾಡ."

ನಾನು ಬೆರಗಾಗಿ ಅವಳನ್ನೇ ನೋಡಿದೆ. ಐವತ್ತು ವರ್ಷ ಅವಳನ್ನು ಹೆದರದವಳೆಂದು ನಂಬಿ, ಹೆದರಿಕೆಯ ಗುತ್ತಿಗೆಯೆಲ್ಲ ನನ್ನದೆಂದುಕೊಂಡಿದ್ದೆ.

ಅಕ್ಕ ದೋಣಿ ಮಾರಲಿಲ್ಲ. ಅದರ ಮುಂದುಗಡೆ ಕೂರಲು ಒಬ್ಬರು ಬೇಕೆಂದಳು, ಅಷ್ಟೆ. ಈಗ ಗಾಳಿ ಹದವಾಗಿದ್ದ ದಿನ ಫೋನ್ ಬರುತ್ತದೆ. ಲೈಫ್ ಜಾಕೆಟ್ಟನ್ನು ಮನೆಯಲ್ಲೇ ತೊಟ್ಟು ಸ್ಕೂಟರ್ ಹತ್ತುತ್ತೇನೆ, ದಾರಿಯವರು ನಗುತ್ತಾರೆ. ಹೆದರಿಕೆ ಹೋಗಿಲ್ಲ. ಏರಿಯ ಮೇಲೆ ಒಬ್ಬನೇ ನಿಂತು ಹೆದರುವುದಕ್ಕಿಂತ ಅವಳ ಜೊತೆ ಕೂತು ಹೆದರುವುದು ಎಷ್ಟೋ ವಾಸಿ. ಇವತ್ತೂ ಹೋಗಿದ್ದೆ. ದೋಣಿ ಬಲಕ್ಕೆ ವಾಲಿದಾಗ ಬೆನ್ನ ಹಿಂದಿನಿಂದ ಅಕ್ಕ, "ಎಡಕ್ಕೆ ಬಗ್ಗು," ಎಂದಳು. ಕಣ್ಣು ಮುಚ್ಚದೆ ಬಗ್ಗಿದೆ.